ಒಂದೇ ಔಷಧ, ಎರಡು ಫಲ: ಕೀಮೋಥೆರಪಿ ಮತ್ತು ನಿಯಂತ್ರಕ ಟಿ ಕೋಶಗಳು

ಕ್ಯಾನ್ಸರ್ ಚಿಕಿತ್ಸೆಯಲ್ಲಿ ಈಗ ಒಂದು ಜೋಡಿ ತುಂಬಾ ಸಾಮಾನ್ಯವಾಗಿದೆ. ರೋಗಿಗೆ ಒಂದೇ ದಿನ, ಒಂದಾದ ಮೇಲೊಂದು, ಎರಡು ಬಗೆಯ ಔಷಧ ಕೊಡುತ್ತಾರೆ. ಒಂದು ಕೀಮೋಥೆರಪಿ, ಇನ್ನೊಂದು ಇಮ್ಯುನೋಥೆರಪಿ. ಕೀಮೋ ಬಿಳಿ ರಕ್ತಕಣಗಳನ್ನು ಇಳಿಸುತ್ತದೆ ಅನ್ನೋದು ಎಲ್ಲರಿಗೂ ಗೊತ್ತು. ಇಮ್ಯುನೋಥೆರಪಿಗೋ ಅದೇ ಬಿಳಿ ರಕ್ತಕಣಗಳೇ ಆಧಾರ. ಹಾಗಿದ್ದ ಮೇಲೆ ಎರಡನ್ನೂ ಒಟ್ಟಿಗೆ ಕೊಟ್ಟರೆ ಒಂದು ಇನ್ನೊಂದನ್ನು ಕೆಡಿಸಬೇಕಿತ್ತು, ಅಲ್ವಾ?

ಹಾಗಾಗಲಿಲ್ಲ. 2018ರಲ್ಲಿ ಪ್ರಕಟವಾದ ಕೀನೋಟ್-189 ಪ್ರಯೋಗದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇದ್ದ 616 ಜನ ಭಾಗವಹಿಸಿದ್ದರು. ಕೀಮೋ ಜೊತೆಗೆ ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೋಥೆರಪಿ ಪಡೆದವರಲ್ಲಿ ಶೇ 69.2ರಷ್ಟು ಮಂದಿ ಒಂದು ವರ್ಷದ ನಂತರವೂ ಬದುಕಿದ್ದರು. ಬರೀ ಕೀಮೋ ಪಡೆದವರಲ್ಲಿ ಈ ಪ್ರಮಾಣ ಶೇ 49.4. ಸ್ತನ ಕ್ಯಾನ್ಸರಿನ ಕಠಿಣ ಬಗೆಯೊಂದರಲ್ಲೂ ಆಮೇಲೆ ಇಂಥದ್ದೇ ಲಾಭ ಕಂಡಿತು.

ಅಂದರೆ, ಕೀಮೋ ಎಂದರೆ ರೋಗನಿರೋಧಕ ಶಕ್ತಿಯ ನಾಶ ಎಂಬ ನಮ್ಮ ರೂಢಿಯ ತಿಳಿವಳಿಕೆ ಅರ್ಧ ಮಾತ್ರ ಸರಿ. ಕೀಮೋ ಎಲ್ಲ ರಕ್ಷಣಾ ಕೋಶಗಳನ್ನೂ ಒಂದೇ ಸಮನೆ ಹೊಡೆಯುವುದಿಲ್ಲ. ಕೆಲವು ಮೊದಲು ಸಾಯುತ್ತವೆ, ಕೆಲವು ತಡೆದುಕೊಳ್ಳುತ್ತವೆ, ಕೆಲವು ಬೇಗ ಮರಳಿ ಬರುತ್ತವೆ. ಈ ಹಿಂದುಮುಂದಿನಲ್ಲಿ ಸಣ್ಣ ಸಂಖ್ಯೆಯ ಒಂದು ಗುಂಪಿನ ಪಾತ್ರ ದೊಡ್ಡದು. ಅವೇ ನಿಯಂತ್ರಕ ಟಿ ಕೋಶಗಳು. ವೈದ್ಯರು ಚಿಕ್ಕದಾಗಿ ಟಿ-ರೆಗ್ ಅನ್ನುತ್ತಾರೆ.

ಇವುಗಳ ಬಗ್ಗೆ ಈಚೆಗೆ ತುಂಬಾ ಬರಹಗಳು ಬರುತ್ತಿವೆ. ‘ಈ ಕೀಮೋ ಔಷಧ ಟಿ-ರೆಗ್‌ಗಳನ್ನು ಕೊಲ್ಲುತ್ತದೆ, ಆದ್ದರಿಂದ ಒಳ್ಳೆಯದು’ ಎಂಬ ಒಂದು ಸಾಲಿನಲ್ಲಿ ಹೆಚ್ಚಿನವು ಮುಗಿಯುತ್ತವೆ. ಆ ಸಾಲು ಅಪೂರ್ಣ. ಎಷ್ಟೋ ಸಲ ದಾರಿ ತಪ್ಪಿಸುತ್ತದೆ ಕೂಡ. ಔಷಧದ ಹೆಸರೊಂದೇ ಇಲ್ಲಿ ಏನನ್ನೂ ತೀರ್ಮಾನಿಸುವುದಿಲ್ಲ. ಎಷ್ಟು ಡೋಸ್, ಯಾವ ದಿನ, ದೇಹದ ಯಾವ ಜಾಗ, ಆ ಹೊತ್ತಿಗೆ ಕೋಶಗಳು ಯಾವ ಸ್ಥಿತಿಯಲ್ಲಿದ್ದವು ಎಂಬುದೆಲ್ಲ ಸೇರಿಯೇ ಫಲ ನಿರ್ಧಾರವಾಗುತ್ತದೆ.

ಯಾರು ಈ ಟಿ-ರೆಗ್‌ಗಳು?

ಟಿ ಕೋಶ ಎಂದರೆ ಒಂದು ಬಗೆಯ ಬಿಳಿ ರಕ್ತಕಣ. ನಮ್ಮ ಟಿ ಕೋಶಗಳು ವೈರಸ್ ಹೊಕ್ಕ ಕೋಶಗಳನ್ನೂ ಕ್ಯಾನ್ಸರ್ ಕೋಶಗಳನ್ನೂ ಗುರುತಿಸಿ ಕೊಲ್ಲಬಲ್ಲವು. ಆದರೆ ಅವುಗಳಲ್ಲಿ ಕೆಲವು ನಮ್ಮ ಸ್ವಂತ ಅಂಗಗಳ ಮೇಲೆಯೇ ಎರಗಬಲ್ಲವು. ಅದನ್ನು ತಡೆಯುವ ಬ್ರೇಕ್ ಟಿ-ರೆಗ್. ರಕ್ತದಲ್ಲಿರುವ, ಸಿಡಿ4 ಎಂಬ ಗುರುತು ಹೊತ್ತ ಟಿ ಕೋಶಗಳಲ್ಲಿ ಇವುಗಳ ಪಾಲು ಸುಮಾರು ಶೇ 5ರಿಂದ 10. ಇಷ್ಟೇ ಇದ್ದರೂ ಇವಿಲ್ಲದೆ ಬದುಕುವುದು ಕಷ್ಟ.

ಇವುಗಳ ಇತಿಹಾಸ ನೇರವಾಗಿಲ್ಲ. 1970ರ ದಶಕದಲ್ಲಿ ‘ಅಡಗಿಸುವ ಟಿ ಕೋಶ’ಗಳ ಬಗ್ಗೆ ದೊಡ್ಡ ಉತ್ಸಾಹವಿತ್ತು. ಆದರೆ ಅವನ್ನು ಗುರುತಿಸುವ ಖಚಿತ ಗುರುತು ಯಾರಿಗೂ ಸಿಗಲಿಲ್ಲ. ಇದೆ ಎಂದುಕೊಂಡಿದ್ದ ಒಂದು ಜೀನ್ ಇಲ್ಲವೇ ಇಲ್ಲ ಎಂದು 1980ರ ದಶಕದಲ್ಲಿ ಗೊತ್ತಾದಾಗ ಇಡೀ ವಿಷಯವೇ ಮೂಲೆಗೆ ಬಿತ್ತು. 1995ರಲ್ಲಿ ಜಪಾನಿನ ಶಿಮೋನ್ ಸಕಾಗುಚಿ ಇಲಿಗಳಲ್ಲಿ ಸಿಡಿ25 ಎಂಬ ಗುರುತು ಹೊತ್ತ ಟಿ ಕೋಶಗಳನ್ನು ತೋರಿಸಿದರು. ಅವನ್ನು ತೆಗೆದರೆ ಇಲಿಗಳಿಗೆ ಸ್ವಯಂನಿರೋಧಕ ಕಾಯಿಲೆ ಬರುತ್ತಿತ್ತು. ಮರಳಿ ಕೊಟ್ಟರೆ ಬರುತ್ತಿರಲಿಲ್ಲ.

2001ರಲ್ಲಿ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಇನ್ನೊಂದು ತುದಿಯಿಂದ ಬಂದರು. ಸ್ಕರ್ಫಿ ಎಂಬ ತಳಿಯ ಗಂಡು ಇಲಿಗಳು ಹುಟ್ಟಿದ ಕೆಲವೇ ವಾರಗಳಲ್ಲಿ ಸಾಯುತ್ತಿದ್ದವು. ಅದಕ್ಕೆ ಕಾರಣ ಫಾಕ್ಸ್‌ಪಿ3 ಜೀನಿನ ದೋಷ ಎಂದು ಅವರು ಕಂಡುಹಿಡಿದರು. ಅದೇ ಜೀನ್ ಕೆಟ್ಟ ಗಂಡು ಮಕ್ಕಳಿಗೆ ಐಪೆಕ್ಸ್ ಎಂಬ ತೀವ್ರ ಕಾಯಿಲೆ ಬರುತ್ತದೆ. ಫಾಕ್ಸ್‌ಪಿ3 ಜೀನೇ ಟಿ-ರೆಗ್‌ಗಳನ್ನು ರೂಪಿಸುತ್ತದೆ ಎಂಬುದು 2003ರ ಹೊತ್ತಿಗೆ ಗಟ್ಟಿಯಾಯಿತು. ಈ ಮೂವರಿಗೂ 2025ರ ವೈದ್ಯಕೀಯ ನೊಬೆಲ್ ಬಂತು. ಅಂದಿನಿಂದ ಟಿ-ರೆಗ್ ಎಂಬ ಹೆಸರು ಪ್ರಯೋಗಾಲಯದ ಹೊರಗೂ ಕೇಳಿಬರುತ್ತಿದೆ.

ಇವು ಹೇಗೆ ತಡೆಯುತ್ತವೆ? ಹಲವು ದಾರಿಗಳಿವೆ. ಬೇರೆ ಟಿ ಕೋಶಗಳು ಬೆಳೆಯಲು ಬೇಕಾದ ಐಎಲ್-2 ಎಂಬ ರಾಸಾಯನಿಕವನ್ನು ತಾವೇ ಹೀರಿಕೊಳ್ಳುತ್ತವೆ. ಮೈಮೇಲಿರುವ ಸಿಟಿಎಲ್‌ಎ-4 ಎಂಬ ಪ್ರೋಟೀನಿನ ಮೂಲಕ, ಟಿ ಕೋಶಗಳನ್ನು ಎಚ್ಚರಿಸುವ ಡೆಂಡ್ರೈಟಿಕ್ ಕೋಶಗಳನ್ನು ಮೆತ್ತಗಾಗಿಸುತ್ತವೆ. ಐಎಲ್-10, ಟಿಜಿಎಫ್-ಬೀಟಾ ಎಂಬ ಸಂಕೇತಗಳನ್ನು ಬಿಡುತ್ತವೆ. ಸುತ್ತಲಿನ ಎಟಿಪಿಯನ್ನು, ಅಂದರೆ ಕೋಶದ ಶಕ್ತಿಯ ಇಂಧನವನ್ನು, ಒಡೆದು ಅಡೆನೊಸಿನ್ ಆಗಿ ಬದಲಿಸುತ್ತವೆ. ಈ ಅಡೆನೊಸಿನ್ ಹೆಸರು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಆರೋಗ್ಯವಂತರಲ್ಲಿ ಇದೆಲ್ಲ ಒಳ್ಳೆಯದೇ. ಕ್ಯಾನ್ಸರ್ ಗಡ್ಡೆ ಇದನ್ನೇ ತನ್ನ ರಕ್ಷಣೆಗೆ ಬಳಸಿಕೊಳ್ಳುತ್ತದೆ. 2004ರಲ್ಲಿ ಅಂಡಾಶಯದ ಕ್ಯಾನ್ಸರ್ ಇದ್ದ 104 ಜನರನ್ನು ಅಧ್ಯಯನ ಮಾಡಿದ ಸಂಶೋಧಕರು ಇದನ್ನು ಬಿಡಿಸಿ ತೋರಿಸಿದರು. ಗಡ್ಡೆ ಸಿಸಿಎಲ್22 ಎಂಬ ರಾಸಾಯನಿಕ ಬಿಟ್ಟು ಟಿ-ರೆಗ್‌ಗಳನ್ನು ತನ್ನೊಳಗೆ ಸೆಳೆಯುತ್ತದೆ. ಗಡ್ಡೆಯೊಳಗೆ ಇವು ಜಾಸ್ತಿ ಇದ್ದವರು ಕಡಿಮೆ ಕಾಲ ಬದುಕಿದರು. ಬೇರೆ ಹಲವು ಕ್ಯಾನ್ಸರ್‌ಗಳಲ್ಲೂ ಇದೇ ಚಿತ್ರ ಕಂಡಿತು. ಎಲ್ಲದರಲ್ಲೂ ಅಲ್ಲ. ದೊಡ್ಡ ಕರುಳಿನ ಕ್ಯಾನ್ಸರಿನ ಕೆಲವು ಅಧ್ಯಯನಗಳಲ್ಲಿ ಫಾಕ್ಸ್‌ಪಿ3 ಇರುವ ಕೋಶಗಳು ಹೆಚ್ಚಿದ್ದವರೇ ಚೆನ್ನಾಗಿದ್ದರು. ಕರುಳಿನಲ್ಲಿ ಉರಿಯೂತವನ್ನು ಅಡಗಿಸುವುದೂ ಕೆಲವೊಮ್ಮೆ ಕ್ಯಾನ್ಸರ್ ವಿರುದ್ಧದ ಕೆಲಸವೇ. ‘ಟಿ-ರೆಗ್ ಕೆಟ್ಟದ್ದು’ ಎಂದು ಬರೆದು ಕೈತೊಳೆದುಕೊಳ್ಳಲು ಆಗದಿರುವುದು ಇದಕ್ಕೇ.

ಸೈಕ್ಲೋಫಾಸ್ಫಮೈಡ್: ಕಡಿಮೆ ಕೊಟ್ಟಾಗ

ಕೀಮೋ ಹುಟ್ಟಿದ್ದೇ ಬಿಳಿ ರಕ್ತಕಣಗಳನ್ನು ಕೊಲ್ಲುವ ಗುಣದಿಂದ. ಮೊದಲ ಮಹಾಯುದ್ಧದಲ್ಲಿ ಮಸ್ಟರ್ಡ್ ಅನಿಲಕ್ಕೆ ಸಿಕ್ಕಿದ ಸೈನಿಕರಲ್ಲಿ ಬಿಳಿ ರಕ್ತಕಣಗಳು ಕುಸಿದಿದ್ದನ್ನು ವೈದ್ಯರು ದಾಖಲಿಸಿದ್ದರು. ಅದೇ ಬಗೆಯ ನೈಟ್ರೋಜನ್ ಮಸ್ಟರ್ಡ್ ಅನ್ನು 1942ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಗುಡ್‌ಮನ್ ಮತ್ತು ಗಿಲ್‌ಮನ್ ತಂಡ ದುಗ್ಧಗ್ರಂಥಿಯ ಕ್ಯಾನ್ಸರ್ ಇದ್ದ ರೋಗಿಗೆ ಕೊಟ್ಟು ನೋಡಿತು. ಸೈಕ್ಲೋಫಾಸ್ಫಮೈಡ್ ಅದೇ ಕುಟುಂಬದ ಔಷಧ. ಅಮೆರಿಕದಲ್ಲಿ 1959ರಲ್ಲಿ ಅನುಮತಿ ಸಿಕ್ಕಿತು. ಇವತ್ತಿಗೂ ಬಳಕೆಯಲ್ಲಿದೆ.

1982ರಲ್ಲಿ ರಾಬರ್ಟ್ ನಾರ್ತ್ ಎಂಬ ಸಂಶೋಧಕರು ಇಲಿಗಳಲ್ಲಿ ಒಂದು ಪ್ರಯೋಗ ಮಾಡಿದರು. ಗಡ್ಡೆ ಇರುವ ಇಲಿಗೆ, ಆ ಗಡ್ಡೆಯನ್ನು ಗುರುತಿಸಬಲ್ಲ ಟಿ ಕೋಶಗಳನ್ನು ಹೊರಗಿನಿಂದ ಕೊಟ್ಟರೆ ಏನೂ ಆಗುತ್ತಿರಲಿಲ್ಲ. ಮೊದಲು ಸೈಕ್ಲೋಫಾಸ್ಫಮೈಡ್ ಕೊಟ್ಟು ಆಮೇಲೆ ಆ ಕೋಶಗಳನ್ನು ಕೊಟ್ಟರೆ ಗಡ್ಡೆ ಕರಗಿತು. ಗಡ್ಡೆಯೇ ಹುಟ್ಟುಹಾಕಿದ ಅಡಗಿಸುವ ಟಿ ಕೋಶಗಳನ್ನು ಔಷಧ ತೆಗೆದುಹಾಕಿದ್ದೇ ಕಾರಣ ಎಂದು ನಾರ್ತ್ ವಾದಿಸಿದರು. ಅಡಗಿಸುವ ಟಿ ಕೋಶ ಎಂಬ ಮಾತೇ ಮರ್ಯಾದೆ ಕಳೆದುಕೊಳ್ಳುತ್ತಿದ್ದ ಕಾಲ ಅದು. ಆದರೂ ಅವರು ಕಂಡದ್ದು ನಿಜವಾಗಿತ್ತು. ಟಿ-ರೆಗ್ ಪತ್ತೆಯಾದ ಮೇಲೆ ಬೇರೆ ಪ್ರಯೋಗಾಲಯಗಳು ಇದನ್ನು ಮತ್ತೆ ಪರೀಕ್ಷಿಸಿದವು. ಕಡಿಮೆ ಡೋಸಿನ ಸೈಕ್ಲೋಫಾಸ್ಫಮೈಡ್ ಟಿ-ರೆಗ್‌ಗಳ ಸಂಖ್ಯೆಯನ್ನು ಇಳಿಸುತ್ತದೆ, ಉಳಿದವುಗಳ ಬಲವನ್ನೂ ಕುಗ್ಗಿಸುತ್ತದೆ ಎಂದು 2004 ಮತ್ತು 2005ರ ಪ್ರಯೋಗಗಳು ತೋರಿಸಿದವು.

ಮನುಷ್ಯರಲ್ಲಿ? ಫ್ರಾನ್ಸಿನ ಒಂದು ತಂಡ 2007ರಲ್ಲಿ ಮುಂದುವರಿದ ಕ್ಯಾನ್ಸರ್ ಇದ್ದ ಕೆಲವೇ ರೋಗಿಗಳಿಗೆ ದಿನಕ್ಕೆ ಎರಡು ಸಲ 50 ಮಿಲಿಗ್ರಾಂ ಮಾತ್ರೆ ಕೊಟ್ಟಿತು. ಒಂದು ವಾರ ಕೊಟ್ಟು, ಒಂದು ವಾರ ಬಿಟ್ಟು. ರಕ್ತದಲ್ಲಿ ಟಿ-ರೆಗ್‌ಗಳು ಇಳಿದವು. ಉಳಿದ ಟಿ ಕೋಶಗಳ ಕೆಲಸದ ಶಕ್ತಿ ಮರಳಿತು. ಹೀಗೆ ಸ್ವಲ್ಪ ಸ್ವಲ್ಪವಾಗಿ, ದೀರ್ಘ ಬಿಡುವಿಲ್ಲದೆ ಕೊಡುವ ಪದ್ಧತಿಗೆ ಮೆಟ್ರೊನಾಮಿಕ್ ಕೀಮೋ ಅಂತ ಹೆಸರು.

ಟಿ-ರೆಗ್‌ಗಳೇ ಯಾಕೆ ಮೊದಲು ಸಾಯಬೇಕು? ಇಲ್ಲಿ ಎರಡು ಕಾರಣ ಕೂಡಿಕೊಳ್ಳುತ್ತವೆ. ಗಡ್ಡೆಯ ಸುತ್ತ ಚುರುಕಾಗಿರುವ ಟಿ-ರೆಗ್‌ಗಳು ಬೇಗ ಬೇಗ ವಿಭಜನೆ ಆಗುತ್ತಿರುತ್ತವೆ. ಹೆಚ್ಚಿನ ಕೀಮೋ ಔಷಧಗಳು ವಿಭಜನೆ ಆಗುತ್ತಿರುವ ಕೋಶವನ್ನೇ ಜೋರಾಗಿ ಹೊಡೆಯುತ್ತವೆ. ಎರಡನೆಯ ಕಾರಣವನ್ನು 2010ರಲ್ಲಿ ಇಲಿಗಳ ಅಧ್ಯಯನವೊಂದು ಕೊಟ್ಟಿತು. ಇಲಿಗಳ ಟಿ-ರೆಗ್‌ಗಳಲ್ಲಿ ಎಟಿಪಿ ಬೇರೆ ಟಿ ಕೋಶಗಳಿಗಿಂತ ಕಡಿಮೆ ಇರುತ್ತದೆ. ಎಟಿಪಿ ಕಡಿಮೆಯಾದರೆ ಗ್ಲುಟಾಥಯೋನ್ ತಯಾರಿಯೂ ಕಡಿಮೆ. ಸೈಕ್ಲೋಫಾಸ್ಫಮೈಡ್‌ನ ವಿಷವನ್ನು ತಟಸ್ಥ ಮಾಡುವುದು ಈ ಗ್ಲುಟಾಥಯೋನ್. ಅದು ಇಲ್ಲದ ಕೋಶ ಸಣ್ಣ ಡೋಸಿಗೇ ಸೋಲುತ್ತದೆ. ಡೋಸ್ ದೊಡ್ಡದಾದರೆ ಎಲ್ಲ ಟಿ ಕೋಶಗಳೂ ಸೋಲುತ್ತವೆ. ಆಗ ಈ ಆಯ್ಕೆಯೇ ಉಳಿಯುವುದಿಲ್ಲ.

ಅದೇ ಔಷಧ, ತಿರುಗಿದ ಫಲ

ಇಲ್ಲಿಗೆ ನಿಲ್ಲಿಸಿದ್ದರೆ ಸೈಕ್ಲೋಫಾಸ್ಫಮೈಡ್ ಟಿ-ರೆಗ್‌ಗಳ ಶತ್ರು ಎಂದು ಬರೆದು ಮುಗಿಸಬಹುದಿತ್ತು. ಆದರೆ ಅಸ್ಥಿಮಜ್ಜೆ ಕಸಿಯ ವಾರ್ಡಿನಲ್ಲಿ ಇದೇ ಔಷಧವನ್ನು ನೇರ ವಿರುದ್ಧ ಕೆಲಸಕ್ಕೆ ಬಳಸುತ್ತಾರೆ. ಈ ವಿಷಯದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವ ಭಾಗ ಇದೇ.

ರಕ್ತದ ಕ್ಯಾನ್ಸರ್ ಇರುವವರಿಗೆ ಬೇರೊಬ್ಬರ ಮಜ್ಜೆ ಅಥವಾ ಮೂಲಕೋಶಗಳನ್ನು ಕಸಿ ಮಾಡಿದಾಗ, ದಾನಿಯ ಟಿ ಕೋಶಗಳು ರೋಗಿಯ ಚರ್ಮ, ಕರುಳು, ಲಿವರ್ ಮೇಲೆ ತಿರುಗಿ ಬೀಳಬಹುದು. ಇದಕ್ಕೆ ಜಿವಿಎಚ್‌ಡಿ ಅನ್ನುತ್ತಾರೆ. ಜೀವ ತೆಗೆಯುವಷ್ಟು ತೀವ್ರವಾಗಬಹುದು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವೈದ್ಯರು ಒಂದು ವಿಧಾನವನ್ನು ಬೆಳೆಸಿದರು. ಕಸಿಯಾದ ಮೂರನೆಯ ಮತ್ತು ನಾಲ್ಕನೆಯ ದಿನ, ದೇಹದ ತೂಕದ ಪ್ರತಿ ಕಿಲೋಗೆ 50 ಮಿಲಿಗ್ರಾಂನಂತೆ ಸೈಕ್ಲೋಫಾಸ್ಫಮೈಡ್ ಕೊಡುವುದು. ಇದು ಸಣ್ಣ ಡೋಸ್ ಅಲ್ಲ. ಅರವತ್ತು ಕಿಲೋ ತೂಕದವರಿಗೆ ದಿನಕ್ಕೆ 3 ಗ್ರಾಂ ಆಗುತ್ತದೆ.

ಇಷ್ಟು ಕೊಟ್ಟರೆ ಟಿ-ರೆಗ್‌ಗಳು ಪೂರ್ತಿ ಸಾಯಬೇಕಿತ್ತು. ಜಿವಿಎಚ್‌ಡಿ ಇನ್ನೂ ಕೆಡಬೇಕಿತ್ತು. ಆದದ್ದು ಬೇರೆ. ರೋಗಿಯ ಮೇಲೆ ಎರಗಲು ಸಿದ್ಧವಾಗಿ ವೇಗವಾಗಿ ಬೆಳೆಯುತ್ತಿದ್ದ ದಾನಿಯ ಟಿ ಕೋಶಗಳಿಗೆ ಜೋರಾದ ಪೆಟ್ಟು ಬಿತ್ತು. ಟಿ-ರೆಗ್‌ಗಳು ತಡೆದುಕೊಂಡವು. ಇದರ ಕಾರಣ 2013ರಲ್ಲಿ ಸ್ಪಷ್ಟವಾಯಿತು. ಸೈಕ್ಲೋಫಾಸ್ಫಮೈಡ್‌ನ ಸಕ್ರಿಯ ರೂಪವನ್ನು ಒಡೆಯುವ ಕಿಣ್ವವೊಂದಿದೆ. ಅದರ ಹೆಸರು ಆಲ್ಡಿಹೈಡ್ ಡಿಹೈಡ್ರೋಜಿನೇಸ್. ಸುಮ್ಮನಿರುವ ಟಿ-ರೆಗ್‌ನಲ್ಲಿ ಈ ಕಿಣ್ವ ಹೆಚ್ಚಿರುವುದಿಲ್ಲ. ಆದರೆ ಪರರ ಅಂಗಾಂಶ ಎದುರಾಗಿ ಟಿ-ರೆಗ್ ಚುರುಕಾದಾಗ ಈ ಕಿಣ್ವವನ್ನು ಅದು ಹೆಚ್ಚಿಸಿಕೊಳ್ಳುತ್ತದೆ. ಮೂರನೆಯ ದಿನದ ಹೊತ್ತಿಗೆ ಅದು ರಕ್ಷಣೆ ಮಾಡಿಕೊಂಡಿರುತ್ತದೆ.

ಒಮ್ಮೆ ಯೋಚಿಸಿ. ಗಡ್ಡೆ ಇರುವ ರೋಗಿಯಲ್ಲಿ ಸಣ್ಣ ಡೋಸು ಟಿ-ರೆಗ್‌ಗಳನ್ನು ಆರಿಸಿ ಕೊಲ್ಲುತ್ತದೆ. ಕಸಿ ಆದ ರೋಗಿಯಲ್ಲಿ ದೊಡ್ಡ ಡೋಸು ಅವನ್ನು ಉಳಿಸಿ ಬೇರೆಯವನ್ನು ಕೊಲ್ಲುತ್ತದೆ. ಔಷಧದ ಅಣು ಒಂದೇ. ಬದಲಾದದ್ದು ಡೋಸ್, ದಿನ ಮತ್ತು ಆ ದಿನ ಕೋಶದೊಳಗೆ ಇದ್ದ ಕಿಣ್ವ. 2023ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ, ಕಸಿಯ ನಂತರ ಸೈಕ್ಲೋಫಾಸ್ಫಮೈಡ್ ಇರುವ ವಿಧಾನ ಪಡೆದವರಲ್ಲಿ ಶೇ 52.7ರಷ್ಟು ಜನ ತೀವ್ರ ಜಿವಿಎಚ್‌ಡಿಯಾಗಲಿ ಕ್ಯಾನ್ಸರ್ ಮರುಕಳಿಸುವುದಾಗಲಿ ಇಲ್ಲದೆ ಒಂದು ವರ್ಷ ದಾಟಿದರು. ಹಳೆಯ ವಿಧಾನದಲ್ಲಿ ಶೇ 34.9. ಈ ಲಾಭದ ಪೂರ್ತಿ ಶ್ರೇಯ ಟಿ-ರೆಗ್‌ಗಳದ್ದೇ ಎನ್ನಲಾಗದು. ಹಾನಿ ಮಾಡುವ ಟಿ ಕೋಶಗಳು ದುರ್ಬಲವಾಗುವುದೂ ಅಷ್ಟೇ ಮುಖ್ಯ. ಆದರೆ ಇಲಿಗಳಲ್ಲಿ ಟಿ-ರೆಗ್‌ಗಳನ್ನು ತೆಗೆದುಹಾಕಿದರೆ ಈ ವಿಧಾನದ ರಕ್ಷಣೆ ಕುಸಿಯುತ್ತದೆ ಎಂಬುದು ಗೊತ್ತಿರುವ ಸಂಗತಿ.

ಉಳಿದ ಔಷಧಗಳು

ಬೇರೆ ಔಷಧಗಳದ್ದು ಇಷ್ಟು ವಿವರವಾಗಿ ತಿಳಿದಿಲ್ಲ. ಪ್ಯಾಕ್ಲಿಟ್ಯಾಕ್ಸೆಲ್ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳ ರಕ್ತದಲ್ಲಿ ಟಿ-ರೆಗ್‌ಗಳನ್ನು ಇಳಿಸಿದ್ದು ವರದಿಯಾಗಿದೆ. ಫ್ಲುಡರಬಿನ್ ಒಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ ಹಾಗೆಯೇ ಮಾಡಿತು. 5-ಫ್ಲೂರೊಯುರಾಸಿಲ್ ಮತ್ತು ಜೆಮ್ಸಿಟಬಿನ್ ಹೆಚ್ಚಾಗಿ ಹೊಡೆಯುವುದು ಇನ್ನೊಂದು ಬಗೆಯ ಅಡಗಿಸುವ ಕೋಶಗಳನ್ನು. ಅವು ಮಜ್ಜೆಯಿಂದ ಬರುವ, ಪೂರ್ತಿ ಬೆಳೆಯದ ಮೈಲಾಯ್ಡ್ ಕೋಶಗಳು. ಡಾಕ್ಸೊರುಬಿಸಿನ್ ಮತ್ತು ಆಕ್ಸಾಲಿಪ್ಲಾಟಿನ್ ದಾರಿಯೇ ಬೇರೆ. ಅವು ಕ್ಯಾನ್ಸರ್ ಕೋಶವನ್ನು ಕೊಲ್ಲುವ ರೀತಿಯಲ್ಲೇ ರೋಗನಿರೋಧಕ ವ್ಯವಸ್ಥೆಗೆ ಎಚ್ಚರಿಕೆ ಹೋಗುತ್ತದೆ. ಸಾಯುವ ಕೋಶ ಕ್ಯಾಲ್ರೆಟಿಕ್ಯುಲಿನ್ ಎಂಬ ಪ್ರೋಟೀನನ್ನು ಮೈಮೇಲೆ ತಂದುಕೊಳ್ಳುತ್ತದೆ, ಎಟಿಪಿಯನ್ನು ಹೊರಬಿಡುತ್ತದೆ. ಅದನ್ನು ಕಂಡು ಡೆಂಡ್ರೈಟಿಕ್ ಕೋಶಗಳು ಬರುತ್ತವೆ.

ಟಿ-ರೆಗ್‌ಗಳನ್ನು ಹೆಚ್ಚಿಸುವ ಔಷಧವೂ ಇದೆ. ಅದು ಅಜಾಸಿಟಿಡಿನ್. ಡಿಎನ್‌ಎ ಮೇಲಿನ ಮೀಥೈಲ್ ಗುರುತುಗಳನ್ನು ಇದು ಅಳಿಸುತ್ತದೆ. ಫಾಕ್ಸ್‌ಪಿ3 ಜೀನನ್ನು ಮುಚ್ಚಿಡುವುದು ಇಂಥ ಗುರುತುಗಳೇ. ಅವು ಅಳಿದರೆ ಜೀನ್ ತೆರೆದುಕೊಳ್ಳುತ್ತದೆ. ಕಸಿಯ ನಂತರ ಈ ಔಷಧ ಪಡೆದವರಲ್ಲಿ ಟಿ-ರೆಗ್‌ಗಳು ಹೆಚ್ಚಾದದ್ದು ಕಂಡಿದೆ. ಹಾಗಾಗಿ ‘ಕೀಮೋ ಟಿ-ರೆಗ್‌ಗಳನ್ನು ಕಡಿಮೆ ಮಾಡುತ್ತದೆ’ ಎಂದು ಒಟ್ಟಾರೆ ಹೇಳುವ ಬರಹ ಸಿಕ್ಕರೆ, ಯಾವ ಔಷಧದ ಮಾತು ಎಂದು ಮೊದಲು ನೋಡಿ.

ಖಾಲಿಯಾದ ಮೇಲೆ ಯಾರು ಮೊದಲು ತುಂಬುತ್ತಾರೆ?

ಸಾಯುವುದರ ಬಗ್ಗೆ ಎಲ್ಲರೂ ಬರೆಯುತ್ತಾರೆ. ಮರಳಿ ಬರುವುದರ ಬಗ್ಗೆ ಬರೆಯುವವರು ಕಡಿಮೆ. ಚಿಕಿತ್ಸೆಯ ದೃಷ್ಟಿಯಿಂದ ಎರಡನೆಯದಕ್ಕೇ ಬೆಲೆ ಜಾಸ್ತಿ ಎಂದು ನನಗನ್ನಿಸುತ್ತದೆ.

ಕೀಮೋ ಆದ ಮೇಲೆ ದೇಹದಲ್ಲಿ ಟಿ ಕೋಶಗಳು ಕಡಿಮೆಯಾಗುತ್ತವೆ. ಆಗ ಐಎಲ್-7, ಐಎಲ್-15 ಎಂಬ ಬೆಳವಣಿಗೆಯ ಸಂಕೇತಗಳನ್ನು ಬಳಸುವವರು ಕಡಿಮೆಯಾಗಿ, ರಕ್ತದಲ್ಲಿ ಅವುಗಳ ಮಟ್ಟ ಏರುತ್ತದೆ. ಉಳಿದ ಕೋಶಗಳು ಅದನ್ನು ಪಡೆದು ವೇಗವಾಗಿ ವಿಭಜನೆಯಾಗುತ್ತವೆ. ಟಿ-ರೆಗ್‌ಗಳಲ್ಲೂ ಉಳಿದವು ಇರುತ್ತವಲ್ಲ, ಐಎಲ್-2 ಹಿಡಿಯುವ ಸಿಡಿ25 ಅವುಗಳ ಮೈಮೇಲೆ ಹೇರಳವಾಗಿದೆ. ಹಾಗಾಗಿ ಎಷ್ಟೋ ರೋಗಿಗಳಲ್ಲಿ ಅವು ಬೇಗ ತುಂಬಿಕೊಳ್ಳುತ್ತವೆ. ಮಿದುಳಿನ ಗ್ಲಿಯೊಬ್ಲಾಸ್ಟೊಮಾ ಗಡ್ಡೆಗೆ ಕೊಡುವ ಟೆಮೊಜೊಲೊಮೈಡ್ ಇದಕ್ಕೆ ಒಳ್ಳೆಯ ಉದಾಹರಣೆ. ಒಟ್ಟು ಟಿ ಕೋಶಗಳು ಕುಸಿದು ಮರಳುವ ಹಂತದಲ್ಲಿ ಟಿ-ರೆಗ್‌ಗಳ ಪಾಲು ಏರಬಹುದು.

ಸೈಕ್ಲೋಫಾಸ್ಫಮೈಡ್‌ನ ಸಣ್ಣ ಡೋಸನ್ನು ದಿನವೂ ಕೊಟ್ಟರೂ ಟಿ-ರೆಗ್‌ಗಳ ಇಳಿಕೆ ಬಹಳ ಕಾಲ ಉಳಿಯುವುದಿಲ್ಲ. ಸ್ತನ ಕ್ಯಾನ್ಸರ್ ಹರಡಿದ್ದ ರೋಗಿಗಳ ಒಂದು ಚಿಕ್ಕ ಅಧ್ಯಯನದಲ್ಲಿ ಔಷಧ ಮುಂದುವರಿದಿದ್ದರೂ ಟಿ-ರೆಗ್‌ಗಳು ಮೊದಲಿನ ಮಟ್ಟಕ್ಕೆ ಬಂದವು. ಆದರೆ ಅವು ಇಳಿದಿದ್ದ ಆ ಕೆಲವು ವಾರಗಳಲ್ಲಿ ಗಡ್ಡೆಯನ್ನು ಗುರುತಿಸುವ ಟಿ ಕೋಶಗಳು ಎದ್ದು ನಿಂತಿದ್ದವು. ಟಿ-ರೆಗ್ ಮರಳಿದ ಮೇಲೂ ಅವು ಉಳಿದವು. ಇದನ್ನು ಓದಿದಾಗ ನನಗೆ ತುಂಬಾ ಭರವಸೆ ಅನಿಸಿತು. ಬ್ರೇಕ್ ಯಾವಾಗಲೂ ಸಡಿಲವಾಗಿರಬೇಕಿಲ್ಲ. ಸರಿಯಾದ ಹೊತ್ತಿನಲ್ಲಿ ಸ್ವಲ್ಪ ಕಾಲ ಸಡಿಲವಾದರೂ ಸಾಕಾಗಬಹುದು.

ಆ ಹೊತ್ತನ್ನು ಚೆನ್ನಾಗಿ ಬಳಸಿಕೊಂಡವರು ಟಿ ಕೋಶ ಚಿಕಿತ್ಸೆಯ ವೈದ್ಯರು. 2002ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಸ್ಟೀವನ್ ರೋಸೆನ್‌ಬರ್ಗ್ ತಂಡ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಇದ್ದ 13 ರೋಗಿಗಳಿಗೆ ಮೊದಲು ಸೈಕ್ಲೋಫಾಸ್ಫಮೈಡ್ ಮತ್ತು ಫ್ಲುಡರಬಿನ್ ಕೊಟ್ಟಿತು. ಆಮೇಲೆ ಅವರದೇ ಗಡ್ಡೆಯಿಂದ ತೆಗೆದು ಬೆಳೆಸಿದ ಟಿ ಕೋಶಗಳನ್ನು ಮರಳಿ ಕೊಟ್ಟಿತು. 6 ಜನರಲ್ಲಿ ಗಡ್ಡೆ ಗಣನೀಯವಾಗಿ ಕುಗ್ಗಿತು. ರೋಗಿಯ ಟಿ ಕೋಶಗಳನ್ನು ಕ್ಯಾನ್ಸರ್ ಗುರುತಿಸುವಂತೆ ಬದಲಿಸಿ ಕೊಡುವ, 2017ರಿಂದ ಅನುಮತಿ ಪಡೆದ ಕಾರ್-ಟಿ ಚಿಕಿತ್ಸೆಗಳಲ್ಲೂ ಇದೇ ಎರಡು ಕೀಮೋ ಔಷಧಗಳನ್ನು ಮೊದಲು ಕೊಡುವುದು ಸಾಮಾನ್ಯ. ಇಲ್ಲಿ ಕೀಮೋ ಕೊಡುವ ಮುಖ್ಯ ಉದ್ದೇಶ ಕ್ಯಾನ್ಸರ್ ಕೋಶವನ್ನು ಕೊಲ್ಲುವುದಲ್ಲ. ಹೊಸ ಕೋಶಗಳಿಗೆ ಜಾಗ ಮಾಡಿಕೊಡುವುದು, ಬೆಳವಣಿಗೆಯ ಸಂಕೇತಗಳು ಅವಕ್ಕೇ ಸಿಗುವಂತೆ ಮಾಡುವುದು, ಟಿ-ರೆಗ್‌ಗಳನ್ನು ಇಳಿಸುವುದು. ಕೀಮೋವನ್ನು ರೋಗನಿರೋಧಕ ವ್ಯವಸ್ಥೆಯ ಔಷಧವಾಗಿಯೇ, ಅದರ ದಿನ ಮತ್ತು ಡೋಸು ಲೆಕ್ಕ ಹಾಕಿ ಬಳಸುವ ಚಿಕಿತ್ಸೆ ಇದು.

ನಿರೀಕ್ಷೆಯಂತೆ ಆಗದ ಪ್ರಯೋಗಗಳು

ಇಷ್ಟೆಲ್ಲ ತಿಳಿದ ಮೇಲೆ ಸಣ್ಣ ಡೋಸಿನ ಸೈಕ್ಲೋಫಾಸ್ಫಮೈಡ್ ಅನ್ನು ಲಸಿಕೆಗೋ ಇಮ್ಯುನೋಥೆರಪಿಗೋ ಜೋಡಿಸಿದರೆ ಗೆದ್ದೆವು ಅನಿಸುವುದು ಸಹಜ. ನಿಜವಾಗಿ ನಡೆದದ್ದನ್ನು ನೋಡೋಣ.

ಮೂತ್ರಪಿಂಡದ ಕ್ಯಾನ್ಸರಿಗೆ ಐಎಂಎ901 ಎಂಬ ಲಸಿಕೆ ತಯಾರಾಗಿತ್ತು. 2012ರಲ್ಲಿ ಪ್ರಕಟವಾದ ಎರಡನೆಯ ಹಂತದ ಪ್ರಯೋಗದಲ್ಲಿ ಅದಕ್ಕೆ ಮೊದಲು ಒಂದು ಡೋಸ್ ಸೈಕ್ಲೋಫಾಸ್ಫಮೈಡ್ ಕೊಟ್ಟರು. ಟಿ-ರೆಗ್‌ಗಳು ಇಳಿದವು. ಲಸಿಕೆಗೆ ಸ್ಪಂದಿಸಿದವರಲ್ಲಿ ಸೈಕ್ಲೋಫಾಸ್ಫಮೈಡ್ ಪಡೆದವರು ಹೆಚ್ಚು ಕಾಲ ಬದುಕಿದರು. ಸಂತೋಷದ ಸುದ್ದಿ. 2016ರಲ್ಲಿ 339 ರೋಗಿಗಳ ಮೂರನೆಯ ಹಂತದ ಫಲಿತಾಂಶ ಬಂತು. ಸುನಿಟಿನಿಬ್ ಎಂಬ ಔಷಧದ ಜೊತೆ ಈ ಲಸಿಕೆ ಮತ್ತು ಸೈಕ್ಲೋಫಾಸ್ಫಮೈಡ್ ಸೇರಿಸಿದ್ದರಿಂದ ಯಾವ ಲಾಭವೂ ಆಗಲಿಲ್ಲ.

ಇನ್ನೊಂದು ನೆದರ್ಲೆಂಡ್ಸ್‌ನ ಟಾನಿಕ್ ಪ್ರಯೋಗ, 2019ರದ್ದು. ಟ್ರಿಪಲ್ ನೆಗೆಟಿವ್ ಎಂಬ ಕಠಿಣ ಬಗೆಯ ಸ್ತನ ಕ್ಯಾನ್ಸರ್ ಹರಡಿದವರಿಗೆ ನಿವೊಲುಮ್ಯಾಬ್ ಎಂಬ ಇಮ್ಯುನೋಥೆರಪಿ ಶುರು ಮಾಡುವ ಮೊದಲು ಎರಡು ವಾರ ಏನಾದರೂ ಕೊಟ್ಟು ಗಡ್ಡೆಯನ್ನು ಸಿದ್ಧಗೊಳಿಸಬಹುದೇ ಎಂಬುದು ಪ್ರಶ್ನೆ. ಒಂದು ಗುಂಪಿಗೆ ವಿಕಿರಣ, ಒಂದಕ್ಕೆ ಸಣ್ಣ ಡೋಸ್ ಸೈಕ್ಲೋಫಾಸ್ಫಮೈಡ್, ಒಂದಕ್ಕೆ ಸಿಸ್‌ಪ್ಲಾಟಿನ್, ಒಂದಕ್ಕೆ ಡಾಕ್ಸೊರುಬಿಸಿನ್, ಒಂದಕ್ಕೆ ಏನೂ ಇಲ್ಲ. ಒಟ್ಟಾರೆ ಶೇ 20ರಷ್ಟು ಜನರಲ್ಲಿ ಗಡ್ಡೆ ಕುಗ್ಗಿತು. ಡಾಕ್ಸೊರುಬಿಸಿನ್ ಗುಂಪಿನಲ್ಲಿ ಶೇ 35, ಸಿಸ್‌ಪ್ಲಾಟಿನ್ ಗುಂಪಿನಲ್ಲಿ ಶೇ 23. ಸೈಕ್ಲೋಫಾಸ್ಫಮೈಡ್ ಗುಂಪಿನಲ್ಲಿ ಶೇ 8 ಮಾತ್ರ. ಪ್ರತಿ ಗುಂಪೂ ಚಿಕ್ಕದು, ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಆದರೂ ಟಿ-ರೆಗ್ ಕೊಲ್ಲುವುದಕ್ಕೆ ಹೆಸರಾದ ಔಷಧವೇ ಹಿಂದೆ ಬಿದ್ದದ್ದು ಗಮನಿಸಬೇಕಾದ ವಿಷಯ. ಮುಂದೆ ಬಂದದ್ದು ಎಚ್ಚರಿಕೆಯ ಸಂಕೇತ ಎಬ್ಬಿಸುವ ಔಷಧ.

ಯಾಕೆ ಹೀಗಾಯಿತು? ಒಂದು ಸುಳಿವು 2017ರ ಪ್ರಯೋಗಾಲಯದ ಅಧ್ಯಯನದಲ್ಲಿದೆ. ಗಡ್ಡೆಯೊಳಗಿನ ಒತ್ತಡಕ್ಕೆ ಟಿ-ರೆಗ್ ಸತ್ತಾಗ ಅದರಿಂದ ಹೊರಬರುವ ಎಟಿಪಿ ಅಲ್ಲೇ ಅಡೆನೊಸಿನ್ ಆಗಿ ಬದಲಾಗುತ್ತದೆ. ಆ ಅಡೆನೊಸಿನ್ ಸುತ್ತಲಿನ ಟಿ ಕೋಶಗಳನ್ನು ತಡೆಯುತ್ತದೆ. ಅಂದರೆ ಸತ್ತ ಟಿ-ರೆಗ್, ಬದುಕಿರುವುದಕ್ಕಿಂತಲೂ ಜೋರಾಗಿ ಅಡಗಿಸಬಲ್ಲದು. ಸಂಖ್ಯೆ ಇಳಿದ ಮಾತ್ರಕ್ಕೆ ತಡೆ ಇಳಿಯಿತು ಎನ್ನುವಂತಿಲ್ಲ. ಕೀಮೋದಿಂದ ಸಾಯುವ ಟಿ-ರೆಗ್‌ಗಳೂ ಎಲ್ಲ ಗಡ್ಡೆಗಳಲ್ಲೂ ಹೀಗೇ ಮಾಡುತ್ತವೆ ಎಂದು ಇದರಿಂದ ಹೇಳಲು ಬರುವುದಿಲ್ಲ, ಆದರೆ ಎಣಿಕೆಯನ್ನು ಕುರುಡಾಗಿ ನಂಬಬಾರದು ಎನ್ನಲು ಇಷ್ಟು ಸಾಕು.

ಎಣಿಸುವುದೇ ಕಷ್ಟ

ಇನ್ನೊಂದು ತೊಂದರೆ ಅಳತೆಯದ್ದು. ಹೆಚ್ಚಿನ ಅಧ್ಯಯನಗಳು ಟಿ-ರೆಗ್‌ಗಳನ್ನು ಎಣಿಸುವುದು ರಕ್ತದಲ್ಲಿ. ಕ್ಯಾನ್ಸರಿಗೆ ಕಾವಲು ಕೂತಿರುವವು ಗಡ್ಡೆಯಲ್ಲಿ. ಎರಡು ಕಡೆಯ ಕೋಶಗಳ ಸ್ವಭಾವ ಒಂದೇ ಅಲ್ಲ. ರಕ್ತ ತೆಗೆಯುವುದು ಸುಲಭ, ಗಡ್ಡೆಯ ತುಣುಕು ಮತ್ತೆ ಮತ್ತೆ ತೆಗೆಯುವುದು ರೋಗಿಗೆ ಹಿಂಸೆ. ಹಾಗಾಗಿ ಸುಲಭವಾದದ್ದನ್ನೇ ಅಳೆಯುತ್ತೇವೆ. ಶಸ್ತ್ರಚಿಕಿತ್ಸೆಗೆ ಮೊದಲು ಕೀಮೋ ಕೊಡುವ ಸ್ತನ ಕ್ಯಾನ್ಸರ್ ಇದಕ್ಕೆ ಹೊರತು. ಅಲ್ಲಿ ಮೊದಲಿನ ತುಣುಕೂ ಇರುತ್ತದೆ, ಆಮೇಲೆ ತೆಗೆದ ಗಡ್ಡೆಯೂ ಇರುತ್ತದೆ. ಅಂಥ ಹೋಲಿಕೆಯೊಂದು 2008ರಲ್ಲಿ ಬಂತು. ಕೀಮೋ ನಂತರ ಕ್ಯಾನ್ಸರ್ ಪೂರ್ತಿ ಮಾಯವಾದವರಲ್ಲಿ ಫಾಕ್ಸ್‌ಪಿ3 ಕೋಶಗಳೂ ಹೋಗಿದ್ದವು, ಕೊಲ್ಲುವ ಟಿ ಕೋಶಗಳು ಉಳಿದಿದ್ದವು. ಇದು ಬಹಳ ಬೆಲೆಬಾಳುವ ಮಾಹಿತಿ. ಆದರೆ ಟಿ-ರೆಗ್ ಹೋದದ್ದರಿಂದ ಕ್ಯಾನ್ಸರ್ ಹೋಯಿತೋ, ಕ್ಯಾನ್ಸರ್ ಹೋದದ್ದರಿಂದ ಟಿ-ರೆಗ್‌ಗಳಿಗೆ ಅಲ್ಲಿ ಕೆಲಸವಿಲ್ಲದಾಯಿತೋ ಎಂಬುದನ್ನು ಇದೊಂದೇ ಹೇಳಲಾರದು.

ಶೇಕಡಾವಾರು ಲೆಕ್ಕವೂ ಮೋಸ ಮಾಡುತ್ತದೆ. ಟಿ-ರೆಗ್ ಪಾಲು ಶೇ 6ರಿಂದ 10ಕ್ಕೆ ಏರಿದೆ ಎಂದುಕೊಳ್ಳಿ. ಒಟ್ಟು ಟಿ ಕೋಶಗಳು ಅರ್ಧಕ್ಕೆ ಇಳಿದಿದ್ದರೆ ಟಿ-ರೆಗ್‌ಗಳ ಸಂಖ್ಯೆ ನಿಜಕ್ಕೂ ಕಡಿಮೆಯೇ ಆಗಿದೆ. ಜೊತೆಗೆ, ಮನುಷ್ಯರಲ್ಲಿ ಸಾಮಾನ್ಯ ಟಿ ಕೋಶವೂ ಚುರುಕಾದಾಗ ಸ್ವಲ್ಪ ಹೊತ್ತು ಫಾಕ್ಸ್‌ಪಿ3 ತೋರಿಸುತ್ತದೆ. ಅದನ್ನೂ ಟಿ-ರೆಗ್ ಎಂದು ಎಣಿಸಿದರೆ ಲೆಕ್ಕ ತಪ್ಪುತ್ತದೆ. ಕೀಮೋ ಜೊತೆ ವಾಂತಿ ತಡೆಯಲು ಕೊಡುವ ಡೆಕ್ಸಾಮೆಥಾಸೋನ್ ಒಂದು ಸ್ಟೀರಾಯ್ಡ್. ಅದೂ ಟಿ ಕೋಶಗಳನ್ನು ಕಾಡುತ್ತದೆ. ಇಳಿಕೆಯಲ್ಲಿ ಯಾವುದು ಕೀಮೋದ್ದು, ಯಾವುದು ಸ್ಟೀರಾಯ್ಡಿನದ್ದು ಎಂದು ಬಿಡಿಸುವುದು ಸುಲಭವಲ್ಲ.

ಹಾಗಾದರೆ ಟಿ-ರೆಗ್‌ಗಳನ್ನು ಪೂರ್ತಿ ತೆಗೆದುಬಿಟ್ಟರೆ? ಆಗದು. ಬೆಳೆದ ಇಲಿಗಳಲ್ಲಿ ಹಾಗೆ ಮಾಡಿದಾಗ ಅವು ಕೆಲವೇ ವಾರಗಳಲ್ಲಿ ಸ್ವಯಂನಿರೋಧಕ ಕಾಯಿಲೆಯಿಂದ ಸತ್ತವು. ಮನುಷ್ಯರಲ್ಲೂ ಒಂದು ಕಟು ಅನುಭವವಿದೆ. ಜಪಾನಿನಲ್ಲಿ 2012ರಲ್ಲಿ ಅನುಮತಿ ಪಡೆದ ಮೊಗಾಮುಲಿಜುಮ್ಯಾಬ್ ಎಂಬ ಔಷಧ, ಮೈಮೇಲೆ ಸಿಸಿಆರ್4 ಎಂಬ ಗುರುತು ಇರುವ ಕೋಶಗಳನ್ನು ಕೊಲ್ಲುತ್ತದೆ. ಚುರುಕಾದ ಟಿ-ರೆಗ್‌ಗಳೂ ಅದರಲ್ಲಿ ಸೇರುತ್ತವೆ. ಕಸಿಗೆ ಮೊದಲು ಅದನ್ನು ಪಡೆದಿದ್ದ ರೋಗಿಗಳಲ್ಲಿ ತೀವ್ರ ಜಿವಿಎಚ್‌ಡಿ ಹೆಚ್ಚಾಗಿ ಕಂಡಿತು.

ಈಗ ಸಂಶೋಧಕರ ಗಮನ ಸಿಸಿಆರ್8 ಎಂಬ ಇನ್ನೊಂದು ಗುರುತಿನ ಕಡೆಗಿದೆ. ಗಡ್ಡೆಯೊಳಗಿನ ಟಿ-ರೆಗ್‌ಗಳ ಮೇಲೆ ಇದು ಹೆಚ್ಚು, ರಕ್ತದಲ್ಲಿರುವ ಟಿ-ರೆಗ್‌ಗಳ ಮೇಲೆ ಕಡಿಮೆ. ಇದನ್ನು ಗುರಿಯಾಗಿಸಿದ ಆಂಟಿಬಾಡಿಗಳು ಮನುಷ್ಯರಲ್ಲಿ ಪರೀಕ್ಷೆಯಾಗುತ್ತಿವೆ. ಕೀಮೋ ಜೊತೆ ಜೋಡಿಸುವ ಹೊತ್ತು ಬಂದಾಗ ಮತ್ತೆ ಹಳೆಯ ಪ್ರಶ್ನೆಯೇ ಏಳುತ್ತದೆ. ಯಾವುದು ಮೊದಲು, ಎಷ್ಟು ದಿನದ ಅಂತರ?

ಈ ಪ್ರಶ್ನೆಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ ಎಂಬುದು ನನ್ನ ಕಳವಳ. ಹೆಚ್ಚಿನ ಕೀಮೋ ಔಷಧಗಳ ಡೋಸು ನಿಗದಿಯಾದದ್ದು ದೇಹ ತಡೆದುಕೊಳ್ಳುವ ಗರಿಷ್ಠ ಮಿತಿ ನೋಡಿ. ಮೂರು ವಾರಕ್ಕೊಮ್ಮೆ ಎಂಬ ಲೆಕ್ಕ ಬಂದದ್ದು ಮುಖ್ಯವಾಗಿ ಮಜ್ಜೆ ಚೇತರಿಸಿಕೊಳ್ಳುವ ಅವಧಿಯಿಂದ. ಟಿ-ರೆಗ್ ಯಾವ ದಿನ ಇಳಿಯುತ್ತದೆ, ಯಾವ ದಿನ ಮರಳುತ್ತದೆ ಎಂದು ನೋಡಿ ಯಾರೂ ಆ ದಿನಾಂಕಗಳನ್ನು ಇಟ್ಟದ್ದಲ್ಲ. ಇಮ್ಯುನೋಥೆರಪಿ ಬಂದಾಗ ಅದನ್ನೂ ಅದೇ ದಿನಕ್ಕೆ ಸೇರಿಸಿದರು. ಆಸ್ಪತ್ರೆಗೆ ಒಮ್ಮೆ ಬಂದರೆ ಸಾಕು ಎಂಬುದು ರೋಗಿಗೆ ದೊಡ್ಡ ಅನುಕೂಲ, ಅದನ್ನು ಕಡೆಗಣಿಸಬಾರದು. ಫಲಿತಾಂಶವೂ ಮೊದಲಿಗಿಂತ ಚೆನ್ನಾಗಿಯೇ ಬಂದಿದೆ. ಆದರೆ ಅದೇ ದಿನವೇ ಸರಿಯಾದ ದಿನ ಎಂದು ಯಾರೂ ಹುಡುಕಿ ತೋರಿಸಿದ್ದಲ್ಲ. ಒಂದು ವಾರ ಹಿಂದೆಮುಂದೆ ಮಾಡಿ ಹೋಲಿಸುವ, ಸಾಧ್ಯವಿದ್ದಲ್ಲಿ ಗಡ್ಡೆಯ ತುಣುಕನ್ನೂ ನೋಡುವ ಪ್ರಯೋಗಗಳು ಹೆಚ್ಚು ಬೇಕು. ಹಳೆಯ, ಪೇಟೆಂಟ್ ಮುಗಿದ ಔಷಧಗಳ ಮೇಲೆ ಇಂಥ ಪ್ರಯೋಗಕ್ಕೆ ಹಣ ಹಾಕಲು ಕಂಪನಿಗಳಿಗೆ ಲಾಭದ ಕಾರಣವಿಲ್ಲ. ಸಾರ್ವಜನಿಕ ಹಣದಿಂದ ನಡೆಯುವ ಸಂಸ್ಥೆಗಳೇ ಇದನ್ನು ಕೈಗೆತ್ತಿಕೊಳ್ಳಬೇಕು.

ಕೀಮೋ ತೆಗೆದುಕೊಳ್ಳುತ್ತಿರುವವರಿಗೆ ಎರಡು ಮಾತು. ಸಣ್ಣ ಡೋಸಿನಿಂದ ರೋಗನಿರೋಧಕ ಶಕ್ತಿ ಹೆಚ್ಚುತ್ತದಂತೆ ಎಂದು ಓದಿ ನಿಮ್ಮ ಡೋಸ್ ಇಳಿಸಿಕೊಳ್ಳಲು ಹೋಗಬೇಡಿ. ಗುಣವಾಗಬಲ್ಲ ಕ್ಯಾನ್ಸರಿನಲ್ಲಿ ಪೂರ್ತಿ ಡೋಸು ಜೀವ ಉಳಿಸುತ್ತದೆ ಎಂಬುದಕ್ಕೆ ಆಧಾರ ಗಟ್ಟಿಯಾಗಿದೆ. ಸಣ್ಣ ಡೋಸು ಎಲ್ಲಿ ಸರಿ ಎಂಬುದನ್ನು ನಿಮ್ಮ ವೈದ್ಯರ ಜೊತೆಯೇ ಮಾತಾಡಿ. ‘ಇಮ್ಯುನಿಟಿ ಹೆಚ್ಚಿಸುವ’ ಪುಡಿ, ಮಾತ್ರೆಗಳನ್ನು ಅವರಿಗೆ ಹೇಳದೆ ತೆಗೆದುಕೊಳ್ಳಬೇಡಿ. ಹೆಚ್ಚಬೇಕಾದದ್ದು ಯಾವ ಕೋಶ, ಇಳಿಯಬೇಕಾದದ್ದು ಯಾವುದು ಎಂಬುದು ಆ ಡಬ್ಬಿಯ ಮೇಲೆ ಬರೆದಿರುವುದಿಲ್ಲ. ಮಾಮೂಲಿ ರಕ್ತ ಪರೀಕ್ಷೆಯಲ್ಲಿ ಟಿ-ರೆಗ್‌ಗಳ ಲೆಕ್ಕ ಬರುವುದಿಲ್ಲ, ಅದಕ್ಕಾಗಿ ಬೇರೆ ಪರೀಕ್ಷೆ ಮಾಡಿಸಬೇಕೆಂದೂ ಇಲ್ಲ. ಸದ್ಯಕ್ಕೆ ಅದರ ಫಲಿತಾಂಶ ನೋಡಿ ಚಿಕಿತ್ಸೆ ಬದಲಿಸುವ ರೂಢಿ ಇಲ್ಲ. ಕೀಮೋ ನಡೆಯುತ್ತಿರುವಾಗ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮಾತ್ರ ಕಾಯಬೇಡಿ, ರಾತ್ರಿಯಾದರೂ ಸರಿ, ತಕ್ಷಣ ಆಸ್ಪತ್ರೆಗೆ ತಿಳಿಸಿ.